ಭರ್ತಿಯಿಲ್ಲದ ಓಟ

ಚಿಕ್ಕೋಡಿ ಸೀಮೆಯಲ್ಲಿ ನಸುಕು ಹರಿಯುವ ಮೊದಲೇ ರಸ್ತೆಗಿಳಿಯುವವರಲ್ಲಿ ಎರಡು ಪಂಗಡ. ಸೈನ್ಯದ ಭರ್ತಿಗೆ ತಯಾರಾಗುತ್ತಿರುವ ಹುಡುಗರು ಓಡುತ್ತಾರೆ. ಸಕ್ಕರೆ ಕಾಯಿಲೆಯವರು ನಡೆಯುತ್ತಾರೆ. ಯಾವ ದಿಕ್ಕಿಗೆ ನೋಡಿದರೂ ಕಾರ್ಖಾನೆಯ ಚಿಮಣಿ ಕಾಣುವ ಕಬ್ಬಿನ ನಾಡಿದು, ಎರಡನೆಯ ಪಂಗಡಕ್ಕೆ ಜನ ಕಡಿಮೆ ಬಿದ್ದಿಲ್ಲ. ಭರ್ತಿ ವಯಸ್ಸು ದಾಟಿ ಎರಡು ತಲೆಮಾರಾದ, ಸಕ್ಕರೆಯೂ ಇನ್ನೂ ಬಾರದ ನನ್ನಂಥ ಮಾಸ್ತರ ಅಂಕಲಿ ರಸ್ತೆಯಲ್ಲಿ ಓಡುತ್ತಿದ್ದರೆ ಊರಿಗೆ ಸಹಜವಾಗಿಯೇ ಸಂಶಯ ಬರುತ್ತದೆ. ಸಾಲಗಾರರು ಬೆನ್ನಿಗೆ ಬಿದ್ದಿರಬೇಕು ಎಂದು ಹಾಲಿನ ಡೈರಿಯ ಕಟ್ಟೆಯ ಮೇಲೆ ಮಾತಾಗಿತ್ತಂತೆ.

ಹುಡುಗರಿಗೆ ಸಂಶಯ ಕಡಿಮೆ, ಕುತೂಹಲ ಹೆಚ್ಚು. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿದಳದ ಕೇಂದ್ರವಿರುವುದರಿಂದ ನಮ್ಮ ಕಡೆ ಓಟವೆಂದರೆ 1,600 ಮೀಟರ್. ಅದನ್ನು ಐದೂವರೆ ನಿಮಿಷದೊಳಗೆ ಮುಗಿಸಿದರೆ ಬದುಕಿಗೆ ದಾರಿ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪಕ್ಕಕ್ಕೆ ಬಂದು, ತನ್ನ ವೇಗ ಅರ್ಧ ಇಳಿಸಿ, ಮಾತಿಗೆ ತೊಡಗಿದ.

"ಎಷ್ಟ ಕಿಲೋಮೀಟರಿನ ರೇಸ್ ರೀ ಸರ?"

"ಐವತ್ತು."

"ಸೈಕಲ್ ಮ್ಯಾಲೇನ್ರೀ?"

"ಇಲ್ಲಪ್ಪ, ಓಡೋದು."

"ಪ್ರೈಜ್ ಎಷ್ಟ ಕೊಡ್ತಾರ್ರೀ?"

"ಒಂದು ಮೆಡಲ್. ಫೀ ಮಾತ್ರ ನಾವ ಕಟ್ಟಬೇಕು."

ಅವನು ಸ್ವಲ್ಪ ದೂರ ಸುಮ್ಮನೆ ಓಡಿದ. ಆಮೇಲೆ ದನಿ ತಗ್ಗಿಸಿ ಕೇಳಿದ: "ಮನ್ಯಾಗ ಗೊತ್ತೈತ್ರೀ?"

ಮನೆಯಲ್ಲಿ ಗೊತ್ತಿತ್ತು. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ನಡೆಯುವ ಮಲ್ನಾಡ್ ಅಲ್ಟ್ರಾದಲ್ಲಿ ಬೇರೆ ಬೇರೆ ದೂರದ ಓಟಗಳಿವೆ. ನಾನು ಹೆಸರು ಹಚ್ಚಿದ್ದು ಐವತ್ತು ಕಿಲೋಮೀಟರಿಗೆ. ಮ್ಯಾರಥಾನ್ 42.195 ಕಿಲೋಮೀಟರಿಗೆ ಮುಗಿಯುತ್ತದೆ. ಅದನ್ನು ದಾಟಿದ್ದೆಲ್ಲ ಅಲ್ಟ್ರಾ. ಆ ಲೆಕ್ಕದಲ್ಲಿ ನನ್ನದು ಅಲ್ಟ್ರಾಗಳ ಬಾಲವಾಡಿ. ಆದರೂ ಹೆಸರು ಹಚ್ಚಿದ ರಾತ್ರಿ ನಿದ್ದೆ ಬರಲಿಲ್ಲ.

ಇಂಥ ಓಟಗಳಲ್ಲಿ ಹಿರಿಯಣ್ಣ ದಕ್ಷಿಣ ಆಫ್ರಿಕದ ಕಾಮ್ರೇಡ್ಸ್. ಮೊದಲ ಮಹಾಯುದ್ಧದಲ್ಲಿ ಸತ್ತ ಸಂಗಡಿಗರ ನೆನಪಿಗೆಂದು ವಿಕ್ ಕ್ಲ್ಯಾಪಮ್ ಎಂಬ ಮಾಜಿ ಸೈನಿಕ ಹಟ ಹಿಡಿದು 1921ರ ಮೇ 24ರಂದು ಅದನ್ನು ಶುರು ಮಾಡಿದ. ಪೀಟರ್‌ಮಾರಿಟ್ಸ್‌ಬರ್ಗಿನಿಂದ ಡರ್ಬನ್ನಿಗೆ ಹೊರಟವರು 34 ಜನ; ಮುಟ್ಟಿದವರು 16. ಈಗ ಸಾವಿರಾರು ಜನ ಓಡುತ್ತಾರೆ. ಹೆಚ್ಚುಕಡಿಮೆ ತೊಂಬತ್ತು ಕಿಲೋಮೀಟರ್, ಹನ್ನೆರಡು ಗಂಟೆಯ ಗಡುವು. ಹನ್ನೆರಡು ಗಂಟೆ ತುಂಬಿದ ಕ್ಷಣಕ್ಕೆ ಅಧಿಕಾರಿಯೊಬ್ಬ ಮುಕ್ತಾಯದ ಗೆರೆಯ ಬಳಿ, ಬರುವವರಿಗೆ ಬೆನ್ನು ಹಾಕಿ ನಿಂತು ಗುಂಡು ಹಾರಿಸುತ್ತಾನೆ. ಯಾರ ಮುಖ ನೋಡಿದರೂ ಕರುಣೆ ಬಂದೀತೆಂದು ಬೆನ್ನು ಹಾಕುವುದು. ಗೆರೆಯಿಂದ ಎರಡು ಹೆಜ್ಜೆ ಆಚೆ ಇದ್ದವನಿಗೂ ಮೆಡಲ್ ಇಲ್ಲ. ಇದನ್ನು ಕೇಳಿದ ನಮ್ಮ ಮನೆಯಾಕೆ, "ಬಸ್ ಕಂಡಕ್ಟರ್ರೂ ಇಷ್ಟ ನಿಷ್ಠುರ ಇರಂಗಿಲ್ಲ" ಅಂದಳು.

ತಯಾರಿಯಲ್ಲಿ ಎಲ್ಲಕ್ಕಿಂತ ಕಷ್ಟದ್ದು ನಿಧಾನ. ಪುಸ್ತಕಗಳು ಹೇಳುವುದೂ ಅದನ್ನೇ: ಓಡುತ್ತಿರುವಾಗ ಜತೆಗಿದ್ದವನೊಡನೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಬಾರದಿದ್ದರೆ ವೇಗ ಹೆಚ್ಚಾಯಿತು ಎಂದು ತಿಳಿಯಬೇಕು. ಶನಿವಾರ ಉದ್ದ ಓಟ, ದಣಿದ ಕಾಲಿನಲ್ಲೇ ಭಾನುವಾರ ಮತ್ತೊಂದು. ಏರು ಬಂದರೆ ಓಡಕೂಡದು, ಕೈಯನ್ನು ತೊಡೆಯ ಮೇಲಿಟ್ಟು ನಡೆಯಬೇಕು. ಏರು ಅಭ್ಯಾಸಕ್ಕೆ ನಿಪ್ಪಾಣಿಯ ಪಕ್ಕದ ತವಂದಿ ಘಾಟಿಗಿಂತ ಒಳ್ಳೆಯ ಜಾಗ ಈ ಭಾಗದಲ್ಲಿಲ್ಲ. ಹೆದ್ದಾರಿಯಲ್ಲಿ ಕೊಲ್ಲಾಪುರದ ಲಾರಿಗಳು ಮೊದಲ ಗೇರಿನಲ್ಲಿ ಉಸಿರು ಬಿಡುತ್ತ ಏರುತ್ತವೆ. ಅವುಗಳ ಸಂಗಡ ಏರಿದರೆ ಕೆಲವು ಸಲ ನಾನೇ ಮುಂದು. ಮೇಲೆ ಸ್ತವನಿಧಿಯ ಬ್ರಹ್ಮದೇವರಿಗೆ ಕೈಮುಗಿದು ಇಳಿಯುವುದು. ಏರಿಗಿಂತ ಇಳಿಜಾರೇ ತೊಡೆಯನ್ನು ಕೊಲ್ಲುತ್ತದೆಂಬುದು ಮರುದಿನ ಶಾಲೆಯ ಮೆಟ್ಟಿಲು ಇಳಿಯುವಾಗ ತಿಳಿಯುತ್ತದೆ.

ಓಣಿಯಲ್ಲಿ ವೇಗವಾಗಿ ಓಡುವವನಿಗೆ ಒಂದು ಮರ್ಯಾದೆಯಿದೆ. ನಿಧಾನ ಓಡುವವನಿಗೆ ಯಾವುದೂ ಇಲ್ಲ. ಎಮ್ಮೆ ಹೊಡೆದುಕೊಂಡು ಹೋಗುವ ಅವ್ವ ಕೂಡ, "ಕಾಲ ನೋಯಾಕತ್ತಾವೇನೋ ಯಪ್ಪಾ" ಎಂದು ಕೇಳುತ್ತಾಳೆ.

ನಿಧಾನದ ವಿದ್ಯೆ ಬಲ್ಲವರು ಈ ನಾಡಿನಲ್ಲಿ ಬೇರೆಯೇ ಇದ್ದಾರೆ. ಅವರ ಹತ್ತಿರ ಗಡಿಯಾರವಿಲ್ಲ, ಮೊಬೈಲಿನಲ್ಲಿ ಓಟದ ಲೆಕ್ಕವಿಡುವ ಆ್ಯಪೂ ಇಲ್ಲ. ಹೋಳಿ ಹುಣ್ಣಿಮೆ ಮುಗಿಯುತ್ತಿದ್ದಂತೆ ಅಥಣಿ, ರಾಯಬಾಗ, ಚಿಕ್ಕೋಡಿಯ ಹಳ್ಳಿಗಳಿಂದ ಶ್ರೀಶೈಲಕ್ಕೆ ನಡೆದು ಹೊರಡುವ ಮಂದಿ ಅವರು. ಹೆಗಲ ಮೇಲೆ ಕಂಬಿ, ಬಾಯಲ್ಲಿ ಮಲ್ಲಯ್ಯ. ಜಮಖಂಡಿ, ಲಿಂಗಸುಗೂರು, ರಾಯಚೂರು ದಾಟಿ, ಕರ್ನೂಲು ಸೀಮೆಯ ಆತ್ಮಕೂರಿನಿಂದ ನಲ್ಲಮಲ ಕಾಡು ಹೊಕ್ಕು, ನಾಗಲೂಟಿ, ಪೆದ್ದಚೆರುವು, ಭೀಮನ ಕೊಳ್ಳ ಹತ್ತಿಳಿದು, ಯುಗಾದಿಗೆ ಮಲ್ಲಿಕಾರ್ಜುನನ ಮುಂದೆ ನಿಲ್ಲುತ್ತಾರೆ. ಐನೂರು ಕಿಲೋಮೀಟರಿಗೂ ಮೇಲಿನ ಹಾದಿ. ಹುಣ್ಣಿಮೆಯಿಂದ ಅಮಾವಾಸ್ಯೆಗೆ ಹದಿನೈದು ದಿನ. ದಿನಕ್ಕೆ ಎಷ್ಟಾಯಿತೆಂದು ಓದುಗರೇ ಭಾಗಿಸಿ ನೋಡಬಹುದು. ಅದೂ ರಾಯಚೂರಿನ ಮಾರ್ಚ್ ಬಿಸಿಲಿನಲ್ಲಿ. ಮರಗಾಲು ಕಟ್ಟಿಕೊಂಡು ಹೋಗುವವರೂ ಇದ್ದಾರೆ. 2022ರಲ್ಲಿ ಶ್ರೀಶೈಲದ ಜಗದ್ಗುರುಗಳೇ ನಮ್ಮ ಕೃಷ್ಣೆಯ ದಂಡೆಯ ಯಡೂರಿನಿಂದ ಶ್ರೀಶೈಲಕ್ಕೆ ಪಾದಯಾತ್ರೆ ಮಾಡಿದರು.

ರಾಯಬಾಗದ ಕಡೆಯ ಒಬ್ಬ ಕಾಕಾ ತನ್ನ ಮೀಸೆ ಕಪ್ಪಿದ್ದಾಗಿನಿಂದ ಹೋಗುತ್ತಿರುವವರು. ಅವರನ್ನು ಹುಡುಕಿಕೊಂಡು ಹೋಗಿ, ಹಿಂಗಿಂಗೆ, ಐವತ್ತು ಕಿಲೋಮೀಟರ್ ಓಡಬೇಕಾಗಿದೆ ಎಂದೆ. ಅವರು ನನ್ನ ಮುಖ ನೋಡಲಿಲ್ಲ, ಕಾಲು ನೋಡಿದರು.

"ಮೊದಲ ಮೂರ ದಿನ ಯಾಂವ ಮುಂದ ಹೋಗ್ತಾನ ನೋಡ್ರಿ, ಅಂವ ಜಮಖಂಡ್ಯಾಗ ಕುಂತಿರ್ತಾನ. ನಾವು ಅವನ್ನ ಮಾತಾಡ್ಸಿ ಮುಂದ ಹೋಗ್ತೀವಿ" ಎಂದರು. ನಾನು ಓದಿದ್ದ ಅಷ್ಟೂ ಪುಸ್ತಕಗಳ ಮೊದಲ ಅಧ್ಯಾಯ ಇಷ್ಟರಲ್ಲಿ ಮುಗಿಯಿತು. ಎರಡನೆಯದು: ನೆರಳು ಕಂಡಲ್ಲೆಲ್ಲ ಕೂರಬಾರದು. "ಕುಂತರ ಕಾಲ ಬಿಗೀತಾವ. ನಿಂತ ನೀರ ಕುಡೀರಿ, ನಿಂತ ಉಣ್ರಿ, ಕೂಡೋದು ರಾತ್ರಿಗೆ."

ಮೂರನೆಯದನ್ನು ಅವರು ತೋರಿಸಿಯೇ ಬಿಟ್ಟರು. ಕಂಬಿಯವರ ಚೀಲದಲ್ಲಿ ಒಂದು ಬಟ್ಟೆಯ ತುಂಡಿಗೆ ಸೂಜಿ ಸಿಕ್ಕಿಸಿರುತ್ತದೆ, ಅದಕ್ಕೆ ಬಿಳಿ ದಾರ ಪೋಣಿಸಿಯೇ ಇಟ್ಟಿರುತ್ತಾರೆ. ಅಂಗಾಲಿನಲ್ಲಿ ಬೊಬ್ಬೆ ಎದ್ದರೆ ಒಡೆಯಕೂಡದು. ಸೂಜಿಯನ್ನು ದೀಪದ ಉರಿಯಲ್ಲಿ ಹಿಡಿದು, ಬೊಬ್ಬೆಯ ಒಂದು ಅಂಚಿನಲ್ಲಿ ಚುಚ್ಚಿ ಇನ್ನೊಂದು ಅಂಚಿನಿಂದ ತೆಗೆದು, ದಾರವನ್ನು ಒಳಗೇ ಬಿಟ್ಟು ಎರಡೂ ತುದಿ ಕತ್ತರಿಸುತ್ತಾರೆ. ದಾರದ ಗುಂಟ ನೀರು ಹನಿಹನಿಯಾಗಿ ಇಳಿದುಹೋಗುತ್ತದೆ. ಮೇಲಿನ ಚರ್ಮ ಹಾಗೆಯೇ ಉಳಿದು ಒಳಗಿನ ಹಸಿ ಮಾಂಸಕ್ಕೆ ಹೊದಿಕೆಯಾಗುತ್ತದೆ. ಬೆಳಗಾಗುವುದರೊಳಗೆ ಕಾಲು ಮತ್ತೆ ರಸ್ತೆಗೆ ತಯಾರು. ಕಾಕಾ ತಮ್ಮ ಹಿಮ್ಮಡಿಯ ಹಳೆಯ ಗುರುತುಗಳನ್ನು, ಜಾತ್ರೆಯಲ್ಲಿ ಕೊಂಡ ಎತ್ತಿನ ಸುಳಿ ತೋರಿಸುವ ಹೆಮ್ಮೆಯಲ್ಲಿ, ಒಂದೊಂದಾಗಿ ತೋರಿಸಿದರು. ದಾರ ಒಳಗೆ ಬಿಟ್ಟರೆ ನಂಜಾಗುತ್ತದೆ ಎಂದು ಡಾಕ್ಟರರು ಗದರುತ್ತಾರೆ. ಅವರ ಮಾತೂ ಸುಳ್ಳಲ್ಲ. ನಾನು ಸೂಜಿ ಇಟ್ಟುಕೊಂಡಿದ್ದೇನೆ, ಜತೆಗೆ ಸ್ಪಿರಿಟ್ಟಿನ ಸಣ್ಣ ಬಾಟಲಿ. ದಾರ ಬಿಟ್ಟಿದ್ದೇನೆ.

ಕಾಲಿನ ಮಾತು ಬಂದ ಮೇಲೆ ಅಥಣಿಗೆ ಹೋಗದೆ ತೀರದು. ಹೊರಗಿನವರು ಕೊಲ್ಲಾಪುರಿ ಎಂದು ಕರೆಯುವ ಚಪ್ಪಲಿ ಎಷ್ಟೋ ಕಾಲದಿಂದ ತಯಾರಾಗುತ್ತಿರುವುದು ಅಥಣಿ, ನಿಪ್ಪಾಣಿ, ಮದಭಾವಿಯ ಮನೆಗಳಲ್ಲಿ ಕೂಡ. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಬಂದಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜತೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳ ಹೆಸರೂ ಸೇರಿತು. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ವೇದಿಕೆಯ ಮೇಲೆ ಅಂಥದೇ ಚಪ್ಪಲಿ ಮೆಟ್ಟಿಸಿ, ಮೂಲದ ಹೆಸರು ಹೇಳದೆ, ಗದ್ದಲವೆದ್ದ ಮೇಲೆ ಒಪ್ಪಿಕೊಂಡ ಕತೆ ಎಲ್ಲರಿಗೂ ಗೊತ್ತು. ಆ ಗದ್ದಲದಲ್ಲೂ ಕೊಲ್ಲಾಪುರದ ಹೆಸರೇ ಕೇಳಿಸಿದ್ದು. ಅಥಣಿಯವರು ಟೀವಿ ನೋಡುತ್ತ ಹೊಲಿಗೆ ಮುಂದುವರಿಸಿದರು.

ನಾನು ಹೋದದ್ದು ನನ್ನ ಓಟದ ಬೂಟು ತೋರಿಸಲು. ಕುಶಲಕರ್ಮಿ ದಾದಾ ಎಮ್ಮೆಯ ತೊಗಲಿನ ಅಟ್ಟೆಯನ್ನು ಕಲ್ಲಿನ ಮೇಲಿಟ್ಟು ಬಡಿಯುತ್ತಿದ್ದರು. ಜಾಲಿಯ ತೊಗಟೆ, ಅಳಲೆಕಾಯಿಯ ನೀರಿನಲ್ಲಿ ಹದ ಮಾಡಿದ ತೊಗಲದು. ಮೊಳೆ ಇಲ್ಲ, ಹೊಲಿಯುವುದೂ ತೊಗಲಿನ ಎಳೆಯಿಂದಲೇ. ಪಕ್ಕದಲ್ಲಿ ವೈನಿ ಪಟ್ಟಿಯ ಮೇಲಿನ ಜಡೆ ಹೆಣೆಯುತ್ತಿದ್ದರು, ಕಣ್ಣು ಮಾತ್ರ ಬಾಗಿಲ ಕಡೆಗೆ, ಕೈ ತಾನಾಗಿ ಓಡುತ್ತಿತ್ತು. ದಾದಾ ನನ್ನ ಬೂಟನ್ನು ತಿರುವಿ ಅಡಿಯನ್ನು ಬೆಳಕಿಗೆ ಹಿಡಿದರು. ಬೆರಳಿನಿಂದ ಒಂದೆರಡು ಕಡೆ ಸವರಿ, "ಬಲಗಾಲ ಹೊರಗ ಒತ್ತತೀರಿ. ಎಡಗಾಲಿನ ಹೆಬ್ಬೆರಳಿಗೆ ಕೆಲಸ ಕೊಟ್ಟಿಲ್ಲ ನೀವು" ಎಂದರು. ನಗರಗಳಲ್ಲಿ ಇದನ್ನು ಹೇಳಲು ಯಂತ್ರದ ಮೇಲೆ ಓಡಿಸಿ, ವಿಡಿಯೋ ತೆಗೆದು, ಬಿಲ್ ಹರಿಯುತ್ತಾರೆ.

"ನಿಮ್ಮ ಚಪ್ಪಲಿ ಹಾಕ್ಕೊಂಡು ಓಡಬಹುದಾ ದಾದಾ?"

"ಇದು ನಡಿಯಾಕ ಮಾಡಿದ್ದ್ರೀ ಸರ. ಓಡಾಕ ನಿಮ್ಮ ರಬ್ಬರ ಛಲೋ ಐತಿ. ಹಸಿ ಮಣ್ಣಾಗ ಅಂತೂ ತೊಗಲ ಒಯ್ಯಬ್ಯಾಡ್ರಿ, ಉಬ್ಬತೈತಿ."

ಮಾರುವವನೇ ಬೇಡವೆಂದು ಹೇಳುವ ಅಂಗಡಿ ಇನ್ನೂ ಉಳಿದಿದೆ. ಕಾಲಿಗೆ ಹಗುರ ಬೇಕೆಂದು ನಾನು ತಲೆ ಕೆಡಿಸಿಕೊಂಡಿದ್ದಕ್ಕೂ ಕಾರಣವಿತ್ತು. 1993ರಲ್ಲಿ ಅಮೆರಿಕದ ಲೆಡ್‌ವಿಲ್ ನೂರು ಮೈಲಿ ಓಟವನ್ನು ವಿಕ್ಟೋರಿಯಾನೊ ಚುರ್ರೊ ಎಂಬ 55 ವರ್ಷದ ತಾರಾಹುಮಾರ ಬುಡಕಟ್ಟಿನ ರೈತ ಗೆದ್ದ. ಅವನ ಕಾಲಲ್ಲಿದ್ದದ್ದು ಹಳೆಯ ಟೈರು ಕತ್ತರಿಸಿ ತೊಗಲಿನ ದಾರದಿಂದ ಕಟ್ಟಿದ ಚಪ್ಪಲಿ. ಟೈರ್ ಚಪ್ಪಲಿ ಕಾಗವಾಡದ ಸಂತೆಯ ದಿನ ಎಷ್ಟು ಕಾಲಲ್ಲಿ ಕಾಣುವುದಿಲ್ಲ! ಬರಿಗಾಲಲ್ಲಿ 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನ್ ಗೆದ್ದ ಇಥಿಯೋಪಿಯದ ಅಬೆಬೆ ಬಿಕಿಲನ ಕತೆಯನ್ನೂ ಓದಿದ ಮೇಲೆ ಬೂಟು ಬಿಸಾಡಬೇಕೆನಿಸುತ್ತದೆ.

ಆದರೆ ನಮ್ಮ ಜಿಲ್ಲೆಯ ಬರಿಗಾಲು ಬೇರೆ ಕತೆ ಹೇಳುತ್ತದೆ. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಎಂಬ ಹೆಸರು ಇಂದು ಭರ್ತಿ ಹುಡುಗರಿಗೂ ಗೊತ್ತಿಲ್ಲ. 1919ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದ ಕ್ರೀಡೆಗಳಲ್ಲಿ ಹಳ್ಳಿಯ ರೈತರು ಬರಿಗಾಲಲ್ಲಿ ಓಡಿದ್ದನ್ನು ದೊರಾಬ್ಜಿ ಟಾಟಾ ನೋಡಿದರು. ತರಬೇತಿ ಇಲ್ಲದ ಈ ಕಾಲುಗಳು ಯುರೋಪಿನವರ ಸಮಯಕ್ಕೆ ಹತ್ತಿರ ಬರುತ್ತಿದ್ದುದು ಅವರಿಗೆ ಹೊಳೆಯಿತು. ಮರುವರ್ಷ ಆಂಟ್‌ವರ್ಪ್ ಒಲಿಂಪಿಕ್ಸಿಗೆ ಹೋದ ಭಾರತದ ಮೊದಲ ತಂಡದಲ್ಲಿ ಚೌಗುಲೆ ಇದ್ದರು. ಅಲ್ಲಿಯ ಮ್ಯಾರಥಾನ್ 42.75 ಕಿಲೋಮೀಟರ್, ಅಂದರೆ ಇಂದಿನ ಮ್ಯಾರಥಾನಿಗಿಂತ ಅರ್ಧ ಕಿಲೋಮೀಟರ್ ಹೆಚ್ಚು. ಇಂದಿನ ಅರ್ಥದಲ್ಲಿ ಹಿಡಿದರೆ ಅದೇ ಒಂದು ಪುಟ್ಟ ಅಲ್ಟ್ರಾ! ಅದನ್ನು ಅವರು 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ ಹತ್ತೊಂಬತ್ತನೆಯವರಾದರು. ಪುಣೆಯಲ್ಲಿ ಆ ರೈತರು ಬರಿಗಾಲಲ್ಲಿ ಓಡಿದ್ದು ಬಡತನಕ್ಕೆ. ಅಂಗಾಲಿನ ಸ್ಪರ್ಶ, ನಿಸರ್ಗದ ಹೆಜ್ಜೆ ಎಂದು ಅದನ್ನು ಶೃಂಗರಿಸುವುದು ಬೂಟು ಕೊಳ್ಳಲು ದುಡ್ಡಿರುವವರ ಚಾಳಿ. ಶ್ರೀಶೈಲದ ಹಾದಿಯ ಕಾದ ಡಾಂಬರಿನಲ್ಲಿ ಅಂಗಾಲಿಗೆ ಬಟ್ಟೆ ಸುತ್ತಿಕೊಂಡು ನಡೆಯುವ ಅವ್ವಂದಿರನ್ನು ಒಮ್ಮೆ ನೋಡಿದರೆ ಆ ಚಾಳಿ ಬಿಡುತ್ತದೆ. ನಾನು ಬೂಟಿನಲ್ಲೇ ಓಡುತ್ತೇನೆ. ಎಡಗಾಲಿನ ಹೆಬ್ಬೆರಳಿಗೆ ಮಾತ್ರ ಈಗ ಕೆಲಸ ಹಚ್ಚಿದ್ದೇನೆ. ದಿನಾ ರಾತ್ರಿ ನೆಲದ ಮೇಲೆ ಟವೆಲ್ ಹಾಸಿ ಬೆರಳಿನಿಂದ ಸುತ್ತುವುದು. ಮೊಮ್ಮಗಳಿಗೆ ಇದು ದೊಡ್ಡ ಆಟ.

ಇನ್ನು ಹೊಟ್ಟೆ. ಮೈಯಲ್ಲಿ ಕೂಡಿಟ್ಟ ಗ್ಲೈಕೋಜನ್ ಸುಮಾರು ಮೂವತ್ತು ಕಿಲೋಮೀಟರಿಗೆ ಬರಿದಾಗುತ್ತದೆ. ಆಮೇಲೆ ಓಡಿಸುವುದು ಹಾದಿಯಲ್ಲಿ ತಿಂದದ್ದು. ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ, ಸಕ್ಕರೆ ಒಳಗೆ ಹೋಗಬೇಕು, ಅದನ್ನು ತಡೆದುಕೊಳ್ಳಲು ಕರುಳಿಗೂ ತಿಂಗಳುಗಟ್ಟಲೆ ಅಭ್ಯಾಸ ಬೇಕು. ಪೇಟೆಯಲ್ಲಿ ಇದಕ್ಕೆ ಜೆಲ್ ಎಂಬ ಅಂಟುಪದಾರ್ಥ ಸಿಗುತ್ತದೆ. ಒಂದು ಪೊಟ್ಟಣದ ಬೆಲೆಗೆ ನಮ್ಮ ಗಾಣದಲ್ಲಿ ಕಿಲೋ ಬೆಲ್ಲ ಬರುತ್ತದೆ, ಬೆಲ್ಲ ಮಾಡುವವನ ಎರಡು ಮಾತು ಬೇರೆ. ನನ್ನ ಕಿಸೆಯಲ್ಲಿ ಬೆಲ್ಲದ ತುಣುಕು, ನಿಂಬೆಗಾತ್ರಕ್ಕಿಂತ ಚಿಕ್ಕ ಶೇಂಗಾ ಉಂಡಿ, ಕಡಕ್ ರೊಟ್ಟಿಯ ಚೂರಿಗೆ ಸವರಿದ ಶೇಂಗಾ ಹಿಂಡಿ. ಹಿಂಡಿಯ ಉಪ್ಪು ಇಲ್ಲಿ ಬಾಯಿರುಚಿಗಿಂತ ದೊಡ್ಡ ಕೆಲಸ ಮಾಡುತ್ತದೆ. ಉದ್ದ ಓಟದಲ್ಲಿ ಬೆವರಿನ ಜತೆ ಉಪ್ಪು ಹೋಗುತ್ತಿರುವಾಗ ಬರೀ ನೀರನ್ನೇ ಕೊಡಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ತೆಳುವಾಗಿ, ತಲೆ ತಿರುಗಿ, ಮಿದುಳಿಗೆ ಬಾವು ಬಂದು ಸತ್ತವರಿದ್ದಾರೆ. ನೀರಡಿಕೆಯಾದಾಗ ಕುಡಿ, ಉಪ್ಪಿನೊಡನೆ ಕುಡಿ. ಪಾದಯಾತ್ರೆಯ ದಾಸೋಹಗಳಲ್ಲಿ ಕೊಡುವ ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ ಈ ಶಾಸ್ತ್ರಕ್ಕೆ ಚೆನ್ನಾಗಿ ಹೊಂದುತ್ತವೆ. ಓಡುತ್ತ ಅಂಬಲಿ ಕುಡಿಯುವುದು ಮಾತ್ರ ನನಗಿನ್ನೂ ಬಂದಿಲ್ಲ, ಅಂಗಿಗೆ ಕುಡಿಸುತ್ತೇನೆ.

ನಾಯಿಗಳ ಬಗ್ಗೆ ಬರೆಯುವುದಿಲ್ಲ. ಅದು ಪ್ರತ್ಯೇಕ ಪ್ರಬಂಧ.

ಉದ್ದ ಓಟಗಳಿಗೆ ನನಗೆ ಹಿಡಿಸಿದ ಹಾದಿ ಚಿಕ್ಕೋಡಿಯಿಂದ ಅಂಕಲಿ, ಅಲ್ಲಿಂದ ಕೃಷ್ಣೆಯ ಸೇತುವೆ ದಾಟಿ ಮಾಂಜರಿ, ಹಾಗೇ ಕಾಗವಾಡದ ಕಡೆಗೆ. ಎರಡೂ ಬದಿ ಕಬ್ಬು ಆಳೆತ್ತರ ನಿಂತಿರುತ್ತದೆ. ಗಾಳಿಯೂ ಇಲ್ಲ, ದೂರದ ನೋಟವೂ ಇಲ್ಲ. ಮಳೆ ಬಿದ್ದ ಮರುದಿನ ಹೊಲದ ದಾರಿಗಿಳಿದರೆ ಎರೆಮಣ್ಣು ಬೂಟಿಗೆ ಮೆತ್ತಿ ಕಾಲಿಗೊಂದು ಕಿಲೋ ಹೆಚ್ಚಾಗುತ್ತದೆ. ಮಲೆನಾಡಿನ ಕೆಸರಿಗೆ ಇದಕ್ಕಿಂತ ಒಳ್ಳೆಯ ತಾಲೀಮು ಬೇಡ. ಕಾಗವಾಡ ದಾಟಿದರೆ ಮೊಬೈಲಿಗೆ ಮಹಾರಾಷ್ಟ್ರದ ಸ್ವಾಗತ ಸಂದೇಶ ಬರುತ್ತದೆ. ಚಹಾದ ಅಂಗಡಿಯಲ್ಲಿ ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ, ಮರಾಠಿಯಲ್ಲಿ ಕೇಳಿದರೆ ಕನ್ನಡದಲ್ಲಿ. ಗಡಿಯ ವಾದ ಸುಪ್ರೀಂ ಕೋರ್ಟಿನಲ್ಲಿ ನಡೆದೇ ಇದೆ. ಬೆವರಿದವನಿಗೆ ಎರಡೂ ಕಡೆಯವರು ಮೊದಲು ನೀರು ಕೊಡುತ್ತಾರೆ, ಆಮೇಲೆ ಊರು ಕೇಳುತ್ತಾರೆ.

ಪಾದಯಾತ್ರೆಯೂ ಅಲ್ಟ್ರಾವೂ ಒಂದೇ ಎಂದು ನಾನು ಹೇಳುತ್ತಿಲ್ಲ. ಕಾಕಾನ ಹಿಂದೆ ಮಲ್ಲಯ್ಯನಿದ್ದಾನೆ, ಹಾದಿಯುದ್ದಕ್ಕೂ ಕಾಲಿಗೆ ಎಣ್ಣೆ ತಿಕ್ಕುವ ಅಪರಿಚಿತರಿದ್ದಾರೆ. ನನ್ನ ಹಿಂದೆ ಇರುವುದು ಗಡುವು. "ದೇವರಿಲ್ಲ, ಹರಕೆಯಿಲ್ಲ, ಮತ್ಯಾಕ ಓಡ್ತೀರಿ?" ಎಂದು ಅವರೇ ಕೇಳಿದರು. ಐವತ್ತರ ಮೇಲೆ ಮೈ ಇನ್ನೂ ಏನೇನು ಮಾಡೀತೆಂದು ನೋಡುವ ಆಸೆ ಎಂದೆ. ಅವರು ಸ್ವಲ್ಪ ಯೋಚಿಸಿ, "ಅದೂ ಒಂದು ಹರಕೀನ" ಎಂದು ಬಿಟ್ಟರು. ಬರುವ ಹೋಳಿಯ ನಂತರ ಜಮಖಂಡಿಯವರೆಗಾದರೂ ಬಾ ಎಂದಿದ್ದಾರೆ. ಕಂಬಿ ಹೊರಲು ಕೊಡುವುದಿಲ್ಲವಂತೆ, ಅದಕ್ಕೆ ಬೇರೆ ನೇಮವಿದೆ.

ಈಗ ಓಟದ ದಿನ ಹತ್ತಿರ ಬಂದಿದೆ. ಪುಸ್ತಕಗಳ ಪ್ರಕಾರ ಕೊನೆಯ ಎರಡು ವಾರ ಓಟ ಕಡಿಮೆ ಮಾಡಬೇಕು, ನಿದ್ದೆ ಹೆಚ್ಚಿಸಬೇಕು, ಉಗುರು ಕತ್ತರಿಸಬೇಕು, ಹೊಸದೇನನ್ನೂ ತೊಡಬಾರದು, ತಿನ್ನಬಾರದು. ಎಲ್ಲ ಆಗಿದೆ. ಆದರೆ ಈ ಕಡೆ ಕಬ್ಬು ನುರಿಸುವ ಹಂಗಾಮು ಶುರುವಾಗಿದೆ. ನಸುಕಿನಲ್ಲಿ ರಸ್ತೆಗಿಳಿಯುವ ನನಗೂ ಭರ್ತಿ ಹುಡುಗರಿಗೂ ಹಾಲಿನ ಕ್ಯಾನ್ ಕಟ್ಟಿದ ಬೈಕಿನವರಿಗೂ ಭಯ ಒಂದೇ. ಎರಡೆರಡು ಟ್ರಾಲಿ ಕಟ್ಟಿಕೊಂಡು, ಕಬ್ಬು ಹಿಂದಕ್ಕೆ ಚಾಚಿಕೊಂಡು, ಹಿಂಬದಿ ದೀಪವಿಲ್ಲದೆ ರಸ್ತೆಯ ಅಂಚಿಗೆ ನಿಂತ ಟ್ರ್ಯಾಕ್ಟರ್ ಕತ್ತಲೆಯಲ್ಲಿ ಹತ್ತು ಹೆಜ್ಜೆ ಹತ್ತಿರ ಬರುವವರೆಗೆ ಕಾಣುವುದಿಲ್ಲ. ಚಾಲಕರಲ್ಲಿ ಹಲವರು ನನ್ನ ವಿದ್ಯಾರ್ಥಿಗಳೇ. ಅವರಿಗೂ, ಅವರಿಗೆ ಮುಂಗಡ ಕೊಡುವ ಕಾರ್ಖಾನೆಗಳಿಗೂ ಒಂದು ವಿನಂತಿ: ತೂಕದ ಕಾಟಾ ದಾಟುವಾಗಲೇ ಪ್ರತಿ ಟ್ರಾಲಿಯ ಹಿಂದೆ ಒಂದು ಮಾರು ಕೆಂಪು ರಿಫ್ಲೆಕ್ಟರ್ ಪಟ್ಟಿ ಹಚ್ಚಿಸಿರಿ. ಒಂದು ಕ್ವಿಂಟಲ್ ಕಬ್ಬಿನ ಬೆಲೆಯೂ ಆಗುವುದಿಲ್ಲ.